ಡೇವಿಸ್ ಕಪ್ ಗೆಲ್ಲಿಸೋದು ಎರಡನೇ ಸಿಂಗಲ್ಸ್ ಆಟಗಾರ. ಒಪ್ತೀರಾ?

ಕೋಟೆ_ಕೆಳಗಿನವ (ಬಳ್ಳಾರಿ)

ಡೇವಿಸ್ ಕಪ್ ಅಂದರೆ ದೇಶ-ದೇಶಗಳ ನಡುವಿನ ಪುರುಷರ ಟೆನಿಸ್. 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ಗೆ ಹೋಗಿ ನಮ್ಮ ತಂಡ 3-1ರಿಂದ ಗೆದ್ದು ಬಂತು. ಯುರೋಪಿಗೇ ಹೋಗಿ ಅಲ್ಲಿನ ತಂಡವೊಂದನ್ನು ನಾವು ಸೋಲಿಸಿದ್ದು 1993ರ ನಂತರ ಇದೇ ಮೊದಲು. ಬೆಳಿಗ್ಗೆ ಕೋರ್ಟಿನಲ್ಲಿ ಖುಷಿಯಿಂದ ಹೇಳಿದರೆ ಜೊತೆಗಾರರು ಕೇಳಿದ್ದು ಒಂದೇ, "ಬೋಪಣ್ಣ ಆಡಿದ್ನಾ?" ಡಬಲ್ಸ್ ಆಟಗಾರ ರೋಹನ್ ಬೋಪಣ್ಣ 2023ರಲ್ಲೇ ಲಖನೌನಲ್ಲಿ ಮೊರಾಕ್ಕೊ ವಿರುದ್ಧ ಆಡಿ ಡೇವಿಸ್ ಕಪ್‌ಗೆ ಕೈಮುಗಿದಾಗಿದೆ. ನಮ್ಮವರ ತಲೆಯಲ್ಲಿ ಭಾರತದ ಟೆನಿಸ್ ಅಂದರೆ ಇನ್ನೂ ಡಬಲ್ಸೇ.

ಬೀಲ್‌ನಲ್ಲಿ ನಾವು ಸೋತಿದ್ದು ಡಬಲ್ಸ್! ಗೆದ್ದ ಮೂರೂ ಸಿಂಗಲ್ಸ್. ಎರಡು ಸುಮಿತ್ ನಗಾಲ್, ಒಂದು ದಕ್ಷಿಣೇಶ್ವರ್ ಸುರೇಶ್. ಈ ದಕ್ಷಿಣೇಶ್ವರ್ ಮದುರೈ ಹುಡುಗ, ತೆಂಗಿನ ಮರದ ಹಾಗೆ ಎತ್ತರ, ಅಮೆರಿಕದ ಕಾಲೇಜು ಟೆನಿಸ್‌ನಿಂದ ಬಂದವನು, ಡೇವಿಸ್ ಕಪ್‌ಗೆ ಹೊಸಬ. ಆಗ ಅವನ ರ‍್ಯಾಂಕಿಂಗ್ 600ರ ಆಚೆ. ಎದುರಿಗಿದ್ದ ಜೆರೋಮ್ ಕಿಮ್ 200ರ ಒಳಗಿನವನು. ಮೊದಲ ಪಂದ್ಯವನ್ನೇ 7-6, 6-3ರಿಂದ ಗೆದ್ದು ಕೈಗಿಟ್ಟ. ಆಮೇಲೆ ನಗಾಲ್ ಮೇಲೆ ಭಾರವೇ ಇರಲಿಲ್ಲ.

ನನ್ನ ವಾದ ಇಷ್ಟೇ: ನಂಬರ್ ಒನ್ ಆಟಗಾರ ಎಲ್ಲ ದೇಶಕ್ಕೂ ಒಬ್ಬ ಇರುತ್ತಾನೆ. ಡಬಲ್ಸ್‌ಗೂ ಹೇಗೋ ಇಬ್ಬರನ್ನು ಹೊಂದಿಸಬಹುದು. ಸಿಂಗಲ್ಸ್‌ಗೆ ಅವನ ಜೊತೆ ಎರಡನೆಯವನಾಗಿ ಇಳಿಯುವವನು ಯಾರು ಅನ್ನೋದರ ಮೇಲೆ ಫಲಿತಾಂಶ ನಿಂತಿರುತ್ತದೆ. ನಮ್ಮ ಡೇವಿಸ್ ಕಪ್ ಇತಿಹಾಸ ಪೂರ್ತಿ ಇದೇ ಕಥೆ. ಬೇರೆ ಅನ್ನಿಸಿದವರು ಬರೆಯಿರಿ.

ಎರಿಹೊಲ (ರಾಯಚೂರು)

ಅಲ್ರಿ ಅಣ್ಣಾರ, ನಮ್ಮೂರಾಗ ಟೆನಿಸ್ ಅಂದ್ರ ಹುಡುಗರು ಕ್ರಿಕೆಟ್ ಆಡೋ ಟೆನಿಸ್ ಬಾಲ್ ಅಷ್ಟ. ಆದ್ರೂ ಕೇಳ್ತೀನಿ. ಪೇಸ್-ಭೂಪತಿ ಇದ್ದಾಗ ನಾವು ರಾಜರ ಹಂಗ ಇದ್ವಿ. ಆವಾಗ ಪೇಪರಿನಾಗ ಫೋಟೊ ಬರ್ತಿತ್ತು. ಈಗ ಬರೋದಿಲ್ಲ. ಅಂದ್ಮ್ಯಾಗ ಡಬಲ್ಸ್ ಬ್ಯಾಡ ಅಂತ ಹೆಂಗ ಹೇಳ್ತೀರಿ?

ಕೋಟೆ_ಕೆಳಗಿನವ

ಬೇಡ ಅಂದಿಲ್ಲ ಅಣ್ಣಾ, ಸಾಲದು ಅಂದೆ. ಪೇಸ್-ಭೂಪತಿ ಜೋಡಿ ಡೇವಿಸ್ ಕಪ್‌ನಲ್ಲಿ ಸತತ 24 ಡಬಲ್ಸ್ ಗೆದ್ದಿದೆ. ದಾಖಲೆ ಅದು. ಆದರೆ ಅದೇ ಕಾಲದಲ್ಲಿ ತಂಡ ಎಲ್ಲಿತ್ತು ನೋಡಿ. 1999ರಿಂದ 2009ರವರೆಗೆ ಏಷ್ಯಾ-ಓಷಿಯಾನಿಯಾ ಗುಂಪಿನಲ್ಲೇ. ಮೇಲಿನ ಹಂತವಾದ ವಿಶ್ವ ಗುಂಪಿಗೆ ಮತ್ತೆ ಕಾಲಿಟ್ಟಿದ್ದು 2010ರಲ್ಲಿ, ಸೋಮದೇವ್ ದೇವವರ್ಮನ್ ಅಂತ ಒಬ್ಬ ಸಿಂಗಲ್ಸ್ ಆಟಗಾರ ಸಿಕ್ಕ ಮೇಲೆ. ಫೋಟೊ ಬರ್ತಿತ್ತು ನಿಜ, ತಂಡ ಮೇಲೇರಲಿಲ್ಲ.

ಇನ್ನೊಂದು ಕೇಳಿ. 2024ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ ವಿರುದ್ಧ. ನಗಾಲ್‌ಗೆ ಬೆನ್ನು ನೋವು, ಹೋಗಲಿಲ್ಲ. ಡಬಲ್ಸ್ ಆಟಗಾರ ಶ್ರೀರಾಮ್ ಬಾಲಾಜಿಯನ್ನು ಸಿಂಗಲ್ಸ್‌ಗೆ ಇಳಿಸಬೇಕಾಯಿತು. ಏನಾಯಿತು? 0-4.

ಪಿಟಿ_ಮೇಷ್ಟ್ರು (ಕೊಪ್ಪಳ)

ಓದುವವರಲ್ಲಿ ಹೊಸಬರೂ ಇರಬಹುದು, ಲೆಕ್ಕ ಹೇಳಿಬಿಡುತ್ತೇನೆ. ಎರಡು ದೇಶಗಳ ಒಂದು ಮುಖಾಮುಖಿಗೆ 'ಟೈ' ಅನ್ನುತ್ತಾರೆ. ಅದರಲ್ಲಿ ಐದು ಪಂದ್ಯ, ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೊದಲ ದಿನ ಎರಡು ಸಿಂಗಲ್ಸ್. ಎರಡನೇ ದಿನ ಮೊದಲು ಡಬಲ್ಸ್, ಆಮೇಲೆ ಎದುರಾಳಿಗಳನ್ನು ಅದಲು ಬದಲು ಮಾಡಿ ಇನ್ನೆರಡು ಸಿಂಗಲ್ಸ್. ಮೊದಲು ಮೂರು ಗೆದ್ದವರದು ಟೈ. ಹಿಂದೆ ಶುಕ್ರ-ಶನಿ-ಭಾನು ಮೂರು ದಿನ, ಐದು ಸೆಟ್ ಇರುತ್ತಿತ್ತು. ಈಗ ಎರಡು ದಿನ, ಮೂರು ಸೆಟ್. ಆತಿಥೇಯರು ಕೋರ್ಟ್ ಯಾವುದು ಅಂತ ಆರಿಸಿಕೊಳ್ಳಬಹುದು: ಹುಲ್ಲೋ, ಮಣ್ಣೋ, ಸಿಮೆಂಟೋ.

ಐದರಲ್ಲಿ ಡಬಲ್ಸ್ ಒಂದೇ ಅನ್ನೋದು ಸರಿ. ಆದರೆ 2-2 ಆಗಿ ಕೂತಾಗ ಆ ಒಂದು ಪಾಯಿಂಟಿನ ಬೆಲೆ ಗೊತ್ತಾಗುತ್ತದೆ. 2018ರಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ ಮೊದಲ ದಿನವೇ 0-2. ಮರುದಿನ ಪೇಸ್-ಬೋಪಣ್ಣ ಡಬಲ್ಸ್ ಗೆಲ್ಲದಿದ್ದರೆ ಅಲ್ಲಿಗೇ ಗಂಟುಮೂಟೆ ಕಟ್ಟಬೇಕಿತ್ತು. ಪೇಸ್‌ಗೆ ಅದು 43ನೇ ಡಬಲ್ಸ್ ಗೆಲುವು, ಇಟಲಿಯ ನಿಕೋಲಾ ಪಿಯೆಟ್ರಾಂಜೆಲಿ ದಾಖಲೆ ಮುರಿದಿದ್ದು ಅಂದೇ. ಆಮೇಲೆ ರಾಮ್‌ಕುಮಾರ್ ಗೆದ್ದ, ಪ್ರಜ್ಞೇಶ್ ಗುಣೇಶ್ವರನ್ ಗೆದ್ದ, 3-2.

ಕೋಟೆ_ಕೆಳಗಿನವ

ಮೇಷ್ಟ್ರೇ, ಕೊನೆಯ ಪಂದ್ಯ ಗೆದ್ದವನು ಪ್ರಜ್ಞೇಶ್ ಅಂತ ನೀವೇ ಬರೆದಿರಿ. ಅವನು ಸಿಂಗಲ್ಸ್ ಆಟಗಾರ. ನನ್ನ ಕಡೆ ಸಾಕ್ಷಿ ಹೇಳಿದ್ದಕ್ಕೆ ಧನ್ಯವಾದ 😄

ಮುನಿರಾಬಾದ್_ಕ್ಯಾಂಪ್

ತಮ್ಮಂದಿರೇ, ನಿಮ್ಮದೆಲ್ಲ ಪೇಸ್‌ನಿಂದಲೇ ಶುರುವಾಗುತ್ತದೆ. ಸ್ವಲ್ಪ ಹಿಂದಕ್ಕೆ ಬನ್ನಿ. ಭಾರತ ಈ ಕಪ್‌ಗೆ ಮೊದಲು ಆಡಿದ್ದು 1921ರಲ್ಲಿ, ಬ್ರಿಟಿಷರ ಕಾಲ, ಆ ವರ್ಷವೇ ಫ್ರಾನ್ಸನ್ನು ಸೋಲಿಸಿತ್ತು. ಫೈನಲ್‌ಗೆ ಮೂರು ಸಲ ಹೋಗಿದ್ದೇವೆ: 1966, 1974, 1987.

1966ರದ್ದು ರಾಮನಾಥನ್ ಕೃಷ್ಣನ್ ಕಾಲ. ಕಲ್ಕತ್ತಾದಲ್ಲಿ ಬ್ರೆಜಿಲ್ ವಿರುದ್ಧ 2-2, ಕೊನೆಯ ಪಂದ್ಯ ಥಾಮಸ್ ಕೋಚ್ ಜೊತೆ. ಕೋಚ್ ಎರಡು ಸೆಟ್ ಗೆದ್ದಿದ್ದ, ಕೃಷ್ಣನ್ ಒಂದು. ನಾಲ್ಕನೇ ಸೆಟ್‌ನಲ್ಲಿ ಕೋಚ್ 5-2 ಮುಂದೆ. ಇನ್ನೊಂದು ಗೇಮ್ ಹೋಗಿದ್ದರೆ ಮುಗಿಯಿತು. ಅಲ್ಲಿಂದ ಕೃಷ್ಣನ್ 7-5 ಮಾಡಿ, ಐದನೇ ಸೆಟ್ 6-2 ತೆಗೆದುಕೊಂಡರು. ಅವರ ಸರ್ವಿಸ್ ಅಂಥ ಜೋರೇನಲ್ಲ, ಹೊಡೆತದಲ್ಲಿ ಬಲಕ್ಕಿಂತ ಜಾಗ ನೋಡಿ ಇಡುವುದೇ ಹೆಚ್ಚು. ಈಗಿನವರಿಗೆ ಅದು ಆಟವೇ ಅನ್ನಿಸಲಿಕ್ಕಿಲ್ಲ. ಆದರೆ 1960, 1961 ಎರಡೂ ವರ್ಷ ವಿಂಬಲ್ಡನ್ ಸೆಮಿಫೈನಲ್ ಆಡಿದ ಮನುಷ್ಯ.

ಆ ಕಾಲದಲ್ಲಿ ಹಿಂದಿನ ವರ್ಷದ ಚಾಂಪಿಯನ್ ಕಾಲು ಮೇಲೆ ಕಾಲು ಹಾಕಿ ಕೂತಿರುತ್ತಿದ್ದರು. ಉಳಿದವರೆಲ್ಲ ಹೊಡೆದಾಡಿ ಗೆದ್ದು ಬಂದವರು ಅವರ ಮನೆಗೇ ಹೋಗಿ ಆಡಬೇಕು, 'ಚಾಲೆಂಜ್ ರೌಂಡ್' ಅಂತ. 1972ರಲ್ಲಿ ಅದು ಹೋಯಿತು. 1966ರಲ್ಲಿ ಮೆಲ್ಬರ್ನ್‌ನ ಆ ಸುತ್ತಿನಲ್ಲಿ ಆಸ್ಟ್ರೇಲಿಯಾ ನಮ್ಮನ್ನು 4-1ರಿಂದ ಸೋಲಿಸಿತು. ನಾವು ಗೆದ್ದ ಆ ಒಂದು ಯಾವುದು ಗೊತ್ತೇ? ಡಬಲ್ಸ್. ಕೃಷ್ಣನ್-ಜೈದೀಪ್ ಮುಖರ್ಜಿ ಸೇರಿ ನ್ಯೂಕೋಂಬ್-ರೋಚ್ ಜೋಡಿಯನ್ನು ಸೋಲಿಸಿದ್ದರು. ಬಳ್ಳಾರಿ ತಮ್ಮನಿಗೆ ಇದು ಲಾಭವೋ ನಷ್ಟವೋ ಅವನೇ ಲೆಕ್ಕ ಹಾಕಿಕೊಳ್ಳಲಿ.

ಎರಿಹೊಲ

ಅಜ್ಜಾರ, 1974ದ್ದು ಬಿಟ್ರಲ್ಲ. ಅದರಾಗ ಆಡ್ಲೇ ಇಲ್ಲಂತ, ಖರೇನ?

ಮುನಿರಾಬಾದ್_ಕ್ಯಾಂಪ್

ಖರೇ. ಆ ವರ್ಷ ಮೇ ತಿಂಗಳಲ್ಲಿ ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿದ್ದರು. 6-6 ಆದಾಗ ಸೆಟ್ ಮುಗಿಸುವ ಟೈಬ್ರೇಕ್ ಇಲ್ಲದ ಕಾಲ, ಆ ಒಂದು ಟೈನಲ್ಲಿ ಒಟ್ಟು 327 ಗೇಮ್! ವಿಜಯ್ ಅಮೃತರಾಜ್, ಅಣ್ಣ ಆನಂದ್, ಜಸ್ಜಿತ್ ಸಿಂಗ್, ಶಶಿ ಮೆನನ್. ಆಮೇಲೆ ಪುಣೆಯಲ್ಲಿ ಸೋವಿಯತ್ ರಷ್ಯಾವನ್ನೂ ಕೆಡವಿದರು. ಫೈನಲ್‌ನಲ್ಲಿ ಎದುರಿಗೆ ಬಂದದ್ದು ದಕ್ಷಿಣ ಆಫ್ರಿಕಾ. ಅಲ್ಲಿ ವರ್ಣಭೇದದ ಸರ್ಕಾರ. ಭಾರತ ಆಡುವುದಿಲ್ಲ ಅಂದಿತು. ಕಪ್ ಅವರಿಗೆ ಹೋಯಿತು, ಒಂದು ಚೆಂಡೂ ಹೊಡೆಯದೆ.

ಇಷ್ಟು ವರ್ಷವಾದರೂ ಆ ನಿರ್ಧಾರದ ಬಗ್ಗೆ ನನಗೆ ಎರಡು ಮನಸ್ಸಿಲ್ಲ. 1946ರಲ್ಲೇ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸಿದ ದೇಶ ನಮ್ಮದು. ಒಂದು ಬೆಳ್ಳಿ ಬೋಗುಣಿಗಾಗಿ ಅದನ್ನು ಮುರಿಯಬೇಕಿತ್ತೇ?

ಗಣಿ_ಧೂಳು (ಸಂಡೂರು)

ಹಿರಿಯರೇ, ನಾನು ಒಪ್ಪಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ನಾಲ್ವರು ಹುಡುಗರು ವರ್ಷಪೂರ್ತಿ ಒದ್ದಾಡಿ ಅಲ್ಲಿ ತನಕ ಹೋಗಿದ್ದರು. ನಮ್ಮ ದೇಶಕ್ಕೆ ಕಪ್ ಬರುವ ಹಾಗೆ ಇದ್ದದ್ದು ಅದೊಂದೇ ಸಲ. ಆಡಿ, ಗೆದ್ದು, ಕಪ್ ಎತ್ತುವಾಗ ಹೇಳಬೇಕಾದ್ದು ಹೇಳಬಹುದಿತ್ತಲ್ಲ? ಬಿಟ್ಟುಕೊಟ್ಟಿದ್ದರಿಂದ ವರ್ಣಭೇದದ ತಂಡದ ಹೆಸರೇ ಕಪ್ ಮೇಲೆ ಕೂತಿದೆ.

ಮತ್ತೆ 1987ರಲ್ಲಿ ದೆಹಲಿಯಲ್ಲಿ ಇಸ್ರೇಲ್ ಜೊತೆ ಆಡಿದೆವು, 4-0 ಗೆದ್ದೆವು. ಆಗ ಇಸ್ರೇಲ್ ಜೊತೆ ನಮಗೆ ಪೂರ್ಣ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ, ಅದು ಬಂದದ್ದು 1992ರಲ್ಲಿ. ಅಲ್ಲಿ ಆಡಬಹುದು, ಇಲ್ಲಿ ಆಡಬಾರದು. ಇದ್ಯಾವ ನ್ಯಾಯ?

ಮುನಿರಾಬಾದ್_ಕ್ಯಾಂಪ್

ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ ತಮ್ಮಾ. ದಕ್ಷಿಣ ಆಫ್ರಿಕಾದಲ್ಲಿ ಕಾನೂನೇ ಚರ್ಮ ನೋಡಿ ಮನುಷ್ಯರನ್ನು ಬೇರೆ ಮಾಡುತ್ತಿತ್ತು, ಆಟದ ಮೈದಾನದಲ್ಲೂ. ಗಾಂಧೀಜಿ ಹೋರಾಟ ಶುರು ಮಾಡಿದ ನೆಲ. ಅಲ್ಲಿನ ನಮ್ಮವರಿಗೇ ಯಾವ ಸಾಲಿನಲ್ಲಿ ಕೂರಬೇಕು ಅನ್ನೋದನ್ನು ಕಾನೂನು ಹೇಳುತ್ತಿತ್ತು. ಅಂಥವರ ಮುಂದೆ ಬಿಳಿ ಬಟ್ಟೆ ಹಾಕಿಕೊಂಡು ಹೋಗಿ ಕೈಕುಲುಕಿ, ಗೆದ್ದ ಮೇಲೆ ಭಾಷಣ ಮಾಡುತ್ತೇವೆ ಅಂದರೆ ಯಾರು ಕೇಳುತ್ತಾರೆ?

ಆಟಗಾರರ ಹೊಟ್ಟೆ ಉರಿದಿರುತ್ತದೆ, ಅದನ್ನು ಇಲ್ಲ ಅನ್ನುವುದಿಲ್ಲ.

ಗಣಿ_ಧೂಳು

ಹೊಟ್ಟೆ ಉರಿದವರನ್ನು ಕೇಳಿ ತೀರ್ಮಾನ ಮಾಡಬೇಕಿತ್ತು ಅಂತಷ್ಟೇ ನನ್ನ ಮಾತು. ಇದು ಇಲ್ಲಿಗೆ ಮುಗಿಯಲ್ಲ, ಬಿಡಿ, ಬೇರೆ ಎಳೆ ಶುರು ಮಾಡೋಣ. 1987ರ ಫೈನಲ್ ಬಗ್ಗೆ ಹೇಳಿ.

ಮುನಿರಾಬಾದ್_ಕ್ಯಾಂಪ್

ಸೆಮಿಫೈನಲ್ ಬಗ್ಗೆ ಹೇಳುತ್ತೇನೆ, ಫೈನಲ್ ನೆನೆಸಿಕೊಳ್ಳುವಂಥದ್ದಲ್ಲ. ಸಿಡ್ನಿಯ ಹುಲ್ಲಿನ ಮೇಲೆ ಆಸ್ಟ್ರೇಲಿಯಾ ಜೊತೆ 2-2. ಐದನೇ ಪಂದ್ಯದಲ್ಲಿ ರಮೇಶ್ ಕೃಷ್ಣನ್, ಎದುರಿಗೆ ವಾಲಿ ಮಸೂರ್. ಅಪ್ಪ ರಾಮನಾಥನ್ ಹಾಗೆಯೇ ಮಗ, ಮೆಲ್ಲಗೆ ಸರ್ವಿಸ್ ಮಾಡಿ ಎದುರಾಳಿಯನ್ನು ಆ ಮೂಲೆ ಈ ಮೂಲೆ ಓಡಿಸುವವರು. ಗೆದ್ದರು. ಆಗ ನಮ್ಮ ಕ್ಯಾಂಪಿನಲ್ಲಿ ಟಿವಿ ಇದ್ದ ಮನೆ ಬೆರಳೆಣಿಕೆ. ನಾವು ಸುದ್ದಿ ಕೇಳಿದ್ದು ರೇಡಿಯೊದಲ್ಲಿ, ಅದೂ ವಾರ್ತೆಯ ಕೊನೆಗೆ ಎರಡು ಸಾಲು.

ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ನಿನವರು ಒಳಾಂಗಣದಲ್ಲಿ ಕೆಂಪು ಮಣ್ಣು ಹಾಸಿಟ್ಟಿದ್ದರು. ಹುಲ್ಲಿನ ಮೇಲೆ ಆಡಿ ಬೆಳೆದ ನಮ್ಮವರಿಗೆ ಮಣ್ಣು, ಎದುರಿಗೆ ಮ್ಯಾಟ್ಸ್ ವಿಲಾಂಡರ್. 5-0.

ಸಿಂಧನೂರು_ಅಮ್ಮ

ಇಲ್ಲಿ ತನಕ ಓದಿದೆ, ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ಲ. ನಿಮಗೆಲ್ಲ ಎರಡನೇ ಸಿಂಗಲ್ಸ್ ಆಟಗಾರ ಬೇಕು. ಅವನು ಎಲ್ಲಿಂದ ಬರಬೇಕು ಅಂತ ಯಾರೂ ಕೇಳ್ತಿಲ್ಲ.

ನನ್ನ ಮಗ ಆಡ್ತಾನೆ. ನಮ್ಮ ಕಡೆ ನೆಲ ಎರಿ ಮಣ್ಣು. ಮಳೆಗಾಲಕ್ಕೆ ಉಬ್ಬುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಕೋರ್ಟ್ ಹಾಕಿ ಬಣ್ಣ ಬಳಿದರೆ ಎರಡು ಬೇಸಿಗೆ ಕಳೆಯೋದರೊಳಗೆ ಬಿರುಕು. ಇವನು ಆಡೋ ಕೋರ್ಟಿನಲ್ಲಿ ಸರ್ವಿಸ್ ಗೆರೆಯಿಂದ ಬಲಕ್ಕೆ ಒಂದು ಬಿರುಕಿದೆ, ಕೈಬೆರಳು ಹೋಗುವಷ್ಟು. ಚೆಂಡು ಅಲ್ಲಿ ಬಿದ್ದರೆ ಎತ್ತ ಹೋಗುತ್ತೆ ಅಂತ ಅಲ್ಲಿ ಆಡೋ ಹುಡುಗರಿಗೆ ಬಾಯಿಪಾಠ. ಹೊರಗಿನಿಂದ ಬಂದವರು ಬೆಪ್ಪಾಗ್ತಾರೆ, ಇವರು ನಗ್ತಾರೆ. ಆದರೆ ಬೇರೆ ಊರಿಗೆ ಟೂರ್ನಿಗೆ ಹೋದರೆ ಇವನಿಗೇ ಚೆಂಡು ನೆಟ್ಟಗೆ ಬರೋದು ವಿಚಿತ್ರ ಅನ್ನಿಸುತ್ತೆ!

ಅಡಿಪಾಯಕ್ಕೆ ಎರಿ ಮಣ್ಣು ತೆಗೆಸಿ, ಗರಸು ತುಂಬಿಸಿ, ಸರಿಯಾಗಿ ರೋಲರ್ ಹೊಡೆಸಿ ಆಮೇಲೆ ಕೋರ್ಟ್ ಹಾಕಬೇಕು. ಅದು ದುಡ್ಡಿನ ಕೆಲಸ, ಕಣ್ಣಿಗೆ ಕಾಣದ ಕೆಲಸ. ಕಾಣೋದು ಬಣ್ಣ, ಹಾಗಾಗಿ ಬಣ್ಣ ಹೊಡೆದು ಉದ್ಘಾಟನೆ ಮಾಡ್ತಾರೆ.

ಇನ್ನು ಗಟ್ಟಿಂಗ್. ಬ್ಯಾಟಿನ ತಂತಿ ಹರಿದರೆ ಇಲ್ಲಿ ಶಟಲ್ ಬ್ಯಾಟಿಗೆ ಹಾಕೋ ಮಷಿನ್ ಮಾತ್ರ ಇದೆ. ಟೆನಿಸ್ ಬ್ಯಾಟಿಗೆ ಬಳ್ಳಾರಿಗೋ ಹುಬ್ಬಳ್ಳಿಗೋ ಕಳಿಸಬೇಕು. ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದೂ ಇದೆ.

ಪಿಟಿ_ಮೇಷ್ಟ್ರು

ಅಕ್ಕಾರ, ನೀವು ಹೇಳಿದ್ದು ನೂರಕ್ಕೆ ನೂರು. ಆದರೆ ನಮ್ಮ ಭಾಗದಲ್ಲಿ ಆಗುವುದೇ ಇಲ್ಲ ಅಂತಲ್ಲ. 2023ರಲ್ಲಿ ಕಲಬುರಗಿ, ಧಾರವಾಡ ಎರಡೂ ಕಡೆ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಪುರುಷರ ಟೂರ್ನಿ ನಡೆದವು. ರ‍್ಯಾಂಕಿಂಗ್ ಪಾಯಿಂಟ್ ಸಿಗುವ ಮೊದಲ ಮೆಟ್ಟಿಲು ಅದು. ಡೇವಿಸ್ ಕಪ್ ಆಡಿದ ರಾಮ್‌ಕುಮಾರ್ ಕಲಬುರಗಿ ಬಿಸಿಲಲ್ಲಿ ಬಂದು ಆಡಿದ. ಮಗನನ್ನು ಅಂಥ ಕಡೆ ಬಾಲ್ ಬಾಯ್ ಆಗಿಯಾದರೂ ನಿಲ್ಲಿಸಿ. ಹತ್ತಿರದಿಂದ ಚೆಂಡಿನ ಸದ್ದು ಕೇಳಿಸಿಕೊಂಡರೆ ಮಕ್ಕಳಿಗೆ ಒಂದು ಅಂದಾಜು ಬರುತ್ತದೆ.

ಗಣಿ_ಧೂಳು

ನಮ್ಮ ತಾಲ್ಲೂಕಿನ ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಕ್ರೀಡಾ ಸಂಸ್ಥೆ ಇದೆ: ಬಾಕ್ಸಿಂಗ್, ಕುಸ್ತಿ, ಜೂಡೋ, ಅಥ್ಲೆಟಿಕ್ಸ್, ಈಜು. ಒಲಿಂಪಿಕ್ಸ್ ಪದಕದ ಲೆಕ್ಕ ಹಾಕಿ ಆಟ ಆರಿಸಿದ್ದಾರೆ, ತಪ್ಪೇನಿಲ್ಲ. ಟೆನಿಸ್‌ನಲ್ಲಿ ಒಬ್ಬನನ್ನು ತಯಾರು ಮಾಡೋಕೆ ದೇಶ ದೇಶ ಸುತ್ತಿಸಬೇಕು. ಅದು ಬೇರೆಯದೇ ಖರ್ಚು. ಅದಕ್ಕೇ ದಕ್ಷಿಣೇಶ್ವರ್ ತರಹದವರು ಅಮೆರಿಕದ ಕಾಲೇಜು ದಾರಿ ಹಿಡಿಯುತ್ತಾರೆ. ಸೋಮದೇವ್ ಕೂಡ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಬಂದವನೇ. ಓದೂ ಆಗುತ್ತೆ, ಕೋಚೂ ಸಿಗುತ್ತಾನೆ.

ಹಂಪಿ_ಎಕ್ಸ್‌ಪ್ರೆಸ್ (ಬಳ್ಳಾರಿ, ಸದ್ಯ ಬೆಂಗಳೂರು)

2014ರಲ್ಲಿ ಸರ್ಬಿಯಾ ಬಂದಾಗ ನಾನು ಕಬ್ಬನ್ ಪಾರ್ಕ್ ಸ್ಟೇಡಿಯಂನಲ್ಲಿದ್ದೆ, ಆಗ ಇಂಜಿನಿಯರಿಂಗ್ ಓದುತ್ತಿದ್ದೆ. ಜೊಕೊವಿಚ್ ಬಂದಿರಲಿಲ್ಲ, ಆದರೂ ಮೊದಲ ದಿನ 0-2. ಎರಡನೇ ದಿನ ಪೇಸ್-ಬೋಪಣ್ಣ ಎರಡು ಸೆಟ್ ಸೋತಾಗ ಪಕ್ಕದವರು ಎದ್ದು ಹೊರಟೇ ಹೋದರು. ನಾನು ಕೂತೆ. ಎರಡನೇ ಸೆಟ್ ಮುಗಿದಾಗ ಬೋಪಣ್ಣ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಪೇಸ್ ಅವನ ಕಿವಿಯಲ್ಲಿ ಏನೇನೋ ಹೇಳ್ತಾನೇ ಇದ್ದ, ನಿಲ್ಲಿಸಲೇ ಇಲ್ಲ. ಆಮೇಲೆ ಮೂರು ಸೆಟ್ ಗೆದ್ದರು. ಐದನೇ ಸೆಟ್ 8-6. ಭಾನುವಾರ ಸೋಮದೇವ್ ಕೂಡ ಲಾಯೊವಿಚ್ ಜೊತೆ ಐದು ಸೆಟ್ ಎಳೆದಾಡಿ ಗೆದ್ದ. 2-2! ಅಷ್ಟರಲ್ಲಿ ಮಳೆ. ಕೊನೆಯ ಪಂದ್ಯ ಸೋಮವಾರಕ್ಕೆ ಹೋಯಿತು, ಯೂಕಿ ಭಾಂಬ್ರಿ ಕ್ರಾಯಿನೊವಿಚ್‌ಗೆ ನೇರ ಸೆಟ್‌ಗಳಲ್ಲಿ ಸೋತ.

ಕೋಟೆ ಕೆಳಗಿನ ಅಣ್ಣನ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಡಬಲ್ಸ್ ಗೆದ್ದೆವು, ಒಂದನೇ ಆಟಗಾರ ಗೆದ್ದ, ಎರಡನೆಯವನ ಹತ್ತಿರ ನಿಂತಿತು. ಯೂಕಿಯನ್ನು ಬೈಯೋಕೆ ಮನಸ್ಸಿಲ್ಲ. ಗಾಯಗಳಿಲ್ಲದಿದ್ದರೆ ಅವನ ಸಿಂಗಲ್ಸ್ ಎಲ್ಲೋ ಇರುತ್ತಿತ್ತು. ಈಗ ಅವನೂ ಡಬಲ್ಸ್ ಆಟಗಾರ.

ಎರಿಹೊಲ

ಬಿಸಿಲಿನ ಮಾತು ಬಂತು ಅಂತ ಕೇಳ್ತೀನಿ. ಆ ಸ್ವೀಡನ್‌ನವ್ರು, ಸ್ವಿಸ್‌ನವ್ರನ್ನ ಏಪ್ರಿಲ್ ತಿಂಗಳಾಗ ರಾಯಚೂರಿಗೆ ಕರಸಿ ಆಡ್ಸಿದ್ರ ಹೆಂಗ? ಮಧ್ಯಾಹ್ನ ಎರಡಕ್ಕ ಶುರು ಮಾಡೋದು. ಎರಡನೇ ಸಿಂಗಲ್ಸೂ ಬ್ಯಾಡ, ಮೂರನೇದೂ ಬ್ಯಾಡ. ಮಂಡಾಳ ಒಗ್ಗರಣಿ, ಮಿರ್ಚಿ ತಿನಿಸಿ ಕೋರ್ಟಿಗೆ ಬಿಡೋದು.

ಪಿಟಿ_ಮೇಷ್ಟ್ರು

ನಗಬೇಡಿ, ಹತ್ತಿರ ಹತ್ತಿರ ಹಾಗೇ ಒಮ್ಮೆ ನಡೆದಿದೆ. 2010ರ ಸೆಪ್ಟೆಂಬರ್, ಚೆನ್ನೈ, ಬ್ರೆಜಿಲ್ ವಿರುದ್ಧ. ಮೊದಲ ದಿನ 0-2. ಡಬಲ್ಸ್ ಪೇಸ್-ಭೂಪತಿ ಗೆದ್ದರು. ಭಾನುವಾರ ಸೋಮದೇವ್ ವಿರುದ್ಧ ಥಾಮಸ್ ಬೆಲ್ಲೂಚಿ ಆ ಸೆಕೆಗೆ ತಡೆಯಲಾರದೆ ಅರ್ಧಕ್ಕೇ ಬಿಟ್ಟುಕೊಟ್ಟ. 2-2. ಕೊನೆಯ ಪಂದ್ಯಕ್ಕೆ ಇಳಿದವನು ಯಾರು? ರೋಹನ್ ಬೋಪಣ್ಣ, ಸಿಂಗಲ್ಸ್‌ಗೆ! ರಿಕಾರ್ಡೊ ಮೆಲ್ಲೊನನ್ನು ಸೋಲಿಸಿ ಭಾರತವನ್ನು ವಿಶ್ವ ಗುಂಪಿನಲ್ಲೇ ಉಳಿಸಿದ. ಡಬಲ್ಸ್‌ನವನನ್ನು ಸಿಂಗಲ್ಸ್‌ಗೆ ಇಳಿಸಿದರೆ ಸೋಲೇ ಗತಿ ಅಂತ ಮೇಲೆ ಬರೆದವರು ಇದಕ್ಕೇನು ಹೇಳುತ್ತಾರೆ? 2024ರ ಫೆಬ್ರವರಿಯಲ್ಲಿ ಇಸ್ಲಾಮಾಬಾದ್‌ನ ಹುಲ್ಲಿನ ಮೇಲೆ ಇದೇ ಬಾಲಾಜಿ ಸಿಂಗಲ್ಸ್ ಆಡಿ ಗೆದ್ದಿದ್ದಾನೆ, ಪಾಕಿಸ್ತಾನವನ್ನು 4-0ರಿಂದ ಸೋಲಿಸಿದೆವು.

ಕೋಟೆ_ಕೆಳಗಿನವ

ಹೇಳ್ತೀನಿ ಮೇಷ್ಟ್ರೇ. 2010ರ ಬೋಪಣ್ಣ ಆಗಿನ್ನೂ ಸಿಂಗಲ್ಸ್ ಪೂರ್ತಿ ಬಿಟ್ಟಿರಲಿಲ್ಲ, ಕೈಯಲ್ಲಿ ಆ ಸರ್ವಿಸ್ ಇತ್ತು. ಪಾಕಿಸ್ತಾನದ್ದು ಬಿಡಿ, ಅಲ್ಲಿ ಸಿಂಗಲ್ಸ್‌ಗೆ ನಿಂತಿದ್ದೇ ಐಸಾಮ್ ಖುರೇಷಿ, ಅಕೀಲ್ ಖಾನ್, ಇಬ್ಬರೂ ನಲವತ್ತು ದಾಟಿದವರು. ಅದೇ ಹುಲ್ಲು ಅಂತ ನಂಬಿಕೊಂಡು 2019ರಲ್ಲಿ ಇಟಲಿಯನ್ನು ಕಲ್ಕತ್ತಾ ಸೌತ್ ಕ್ಲಬ್‌ಗೆ ಕರೆಸಿದೆವು. ಏನಾಯಿತು? 1-3. ಗೆದ್ದದ್ದು ಬೋಪಣ್ಣ-ದಿವಿಜ್ ಶರಣ್ ಡಬಲ್ಸ್ ಒಂದೇ. 1993ರಲ್ಲಿ ಆಸ್ಟ್ರೇಲಿಯಾವನ್ನು ಚಂಡೀಗಢದ ಹುಲ್ಲಿಗೆ ಕರೆಸಿ ಸೆಮಿಫೈನಲ್ 0-5 ಸೋತೆವು. ಹುಲ್ಲು, ಬಿಸಿಲು, ಜನರ ಕೂಗು ಇವೆಲ್ಲ ಒಂದು ಸೆಟ್ ಕೊಡಿಸಬಹುದು, ಮೂರು ಪಂದ್ಯ ಕೊಡಿಸಲ್ಲ.

ಈಗ ನೆದರ್ಲೆಂಡ್ಸ್ 2026ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬರ್ತಿದೆ. 2024ರ ಫೈನಲ್ ಆಡಿದ ತಂಡ. ಮಲಗಾದಲ್ಲಿ ನಡಾಲ್‌ನ ಕೊನೆಯ ಪಂದ್ಯದಲ್ಲಿ ಅವನನ್ನು ಸೋಲಿಸಿದ ವಾನ್ ಡೆ ಜಾಂಡ್‌ಸ್ಕುಲ್ಪ್ ಇವರವನೇ. ಇದನ್ನು ಗೆದ್ದರೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು, ಅದನ್ನೂ ಗೆದ್ದರೆ ಎಂಟು ತಂಡಗಳ ಫೈನಲ್ಸ್.

ಎರಿಹೊಲ

ನಗಾಲ್‌ಗೆ ಮತ್ತ ಬೆನ್ನು ಹಿಡೀತು ಅನ್ರಿ. ಆವಾಗ ಯಾರು?

ಕೋಟೆ_ಕೆಳಗಿನವ

ಅದೇ ಭಯ ಅಣ್ಣಾ. ದಕ್ಷಿಣೇಶ್ವರ್ ಒಂದನೆಯವನಾಗ್ತಾನೆ, ಎರಡನೇ ಜಾಗ ಮತ್ತೆ ಖಾಲಿ. ರಾಮ್‌ಕುಮಾರ್ ಇದ್ದಾನೆ, ಅನುಭವಿ. ಟೊಗೊ ವಿರುದ್ಧ ದೆಹಲಿಯಲ್ಲಿ ಗೆದ್ದ ಮುಕುಂದ್ ಶಶಿಕುಮಾರ್ ಇದ್ದಾನೆ. ಕರಣ್ ಸಿಂಗ್ ಇನ್ನೂ ಎಳೆಯ, ನನಗೆ ಅವನೇ ಇಷ್ಟ.

ಸಿಂಧನೂರು_ಅಮ್ಮ

ಕರಣ್‌ನನ್ನು ಆಡಿಸಬೇಕು. ಸೋತರೂ ಪರವಾಗಿಲ್ಲ.

ಪಿಟಿ_ಮೇಷ್ಟ್ರು

ತವರಲ್ಲಿ ಸೋತರೂ ಪರವಾಗಿಲ್ಲ ಅಂತ ಯಾವ ಕ್ಯಾಪ್ಟನ್ನೂ ಆಡಿಸಲ್ಲ ಅಕ್ಕಾರ. ರಾಮ್‌ಕುಮಾರ್ ಅಂತ ನನ್ನ ಲೆಕ್ಕ.

ಗಣಿ_ಧೂಳು

ಹಿಂದಿನ ದಿನ ಡ್ರಾ ತೆಗೀತಾರೆ, ಹೆಸರು ಹೇಳ್ತಾರೆ. ಆಮೇಲೆ ಕ್ಯಾಪ್ಟನ್‌ನ ಬೈಯೋಣ, ಈಗಲೇ ಬೇಡ.